ಕೋಣೆಗೊಂದು ನಾದ, ಮನೆಗೊಂದು ನೆಮ್ಮದಿ

ಕಣ್ಣಿಗೆ ಬೇಡವಾದುದನ್ನು ರೆಪ್ಪೆ ಮುಚ್ಚಿ ತಪ್ಪಿಸಿಕೊಳ್ಳಬಹುದು. ಕಿವಿಗೆ ಅಂತಹ ರೆಪ್ಪೆಯನ್ನು ದೇವರು ಕೊಟ್ಟಿಲ್ಲ. ಒಂದೇ ಸೂರಿನ ಕೆಳಗೆ ಬಾಳುವ ಮೂರು ತಲೆಮಾರಿನವರಲ್ಲಿ ಆಗಾಗ ಹುಟ್ಟುವ ಸಣ್ಣಪುಟ್ಟ ಮನಸ್ತಾಪಗಳಲ್ಲಿ ಹಲವಕ್ಕೆ ಇದೇ ಕಾರಣವೆಂದರೆ ತಪ್ಪಾಗಲಾರದು. ಬೆಳಗಿನ ಹೊತ್ತು ಅಜ್ಜನಿಗೆ ವಾರ್ತೆ ಬೇಕು. ಅಡುಗೆಮನೆಯಲ್ಲಿರುವವರಿಗೆ ಹಾಡು ಬೇಕು. ಪರೀಕ್ಷೆಗೆ ಓದುವ ಹುಡುಗಿಗೆ ಇವೆರಡೂ ಬೇಡ, ಮೌನ ಬೇಕು. ನಡುಮನೆಯಲ್ಲಿ ಒಂದೇ ಯಂತ್ರವಿದ್ದು, ಅದರ ಧ್ವನಿ ಅಡುಗೆಮನೆಗೂ ಮುಟ್ಟಬೇಕೆಂದು ಗುಂಡಿಯನ್ನು ತಿರುಗಿಸಿದರೆ, ನಡುಮನೆಯಲ್ಲಿ ಕುಳಿತವರ ಕಿವಿಗೆ ಅದು ಗದ್ದಲವಾಗುವುದು; ಓದುವವರ ಗತಿಯನ್ನಂತೂ ಹೇಳಬೇಕಾದುದೇ ಇಲ್ಲ.

೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ರೇಡಿಯೋ ನಿಲಯವನ್ನು ಆರಂಭಿಸಿದ ಕಾಲದಲ್ಲಿ, ಮನೆಗೆ ಒಂದು ರೇಡಿಯೋ ಇದ್ದುದೇ ದೊಡ್ಡ ಮಾತು. ಇಂದು ಆಕಾಶವಾಣಿಯ ಕನ್ನಡ ಕೇಂದ್ರಗಳ ಪ್ರಸಾರವೂ, ಸಂಗೀತ ವಿದ್ವಾಂಸರ ಕಚೇರಿಗಳೂ ಅಂತರ್ಜಾಲದ ಮೂಲಕ ಯಾವ ಹೊತ್ತಿನಲ್ಲಾದರೂ ದೊರೆಯುವುವು. ಕೇಳುವ ಪದಾರ್ಥಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅದನ್ನು ಮನೆಯೊಳಗೆ ಹಂಚುವ ಏರ್ಪಾಡಿಗೆ. ಮನೆಯನ್ನು ನಾಲ್ಕಾರು ವಲಯಗಳನ್ನಾಗಿ ವಿಂಗಡಿಸಿ, ಒಂದೊಂದು ವಲಯದಲ್ಲಿಯೂ ಬೇಕಾದುದು ಬೇಕಾದಷ್ಟೇ ಮೆಲ್ಲಗೆ ನುಡಿಯುವಂತೆಯೂ, ಹಬ್ಬದ ದಿನ ಎಲ್ಲ ವಲಯಗಳಲ್ಲಿಯೂ ಒಂದೇ ಸಂಗೀತ ಕೇಳುವಂತೆಯೂ ಮಾಡಿಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಹೊಸ ಮನೆ ಕಟ್ಟಿಸುತ್ತಿರುವ ಗೃಹಸ್ಥರು ಇದನ್ನು ಗೋಡೆಗೆ ಗಿಲಾವು ಬೀಳುವ ಮೊದಲೇ ಓದುವುದು ಲೇಸು. ಆಮೇಲೆ ಗೋಡೆ ಒಡೆಸುವ ವೆಚ್ಚವು ತಂತಿಯ ಬೆಲೆಗಿಂತ ಎಷ್ಟೋ ಹೆಚ್ಚಾಗುವುದು.

ಎರಡು ಜಾತಿಯ ಸ್ಪೀಕರುಗಳು

ತನ್ನ ಹೊಟ್ಟೆಯಲ್ಲಿಯೇ ಆಂಪ್ಲಿಫೈಯರನ್ನು ಇಟ್ಟುಕೊಂಡು, ಗೋಡೆಯ ಪ್ಲಗ್ಗಿನಿಂದ ಕರೆಂಟು ಪಡೆದು ನುಡಿಯುವ ಸ್ಪೀಕರು ಒಂದು ಜಾತಿಯದು; ಇದನ್ನು ಆಕ್ಟಿವ್ ಸ್ಪೀಕರು ಎನ್ನುವರು. ಶಂಕುವಿನಾಕಾರದ ಪೊರೆ, ತಾಮ್ರದ ಸುರುಳಿ, ಅಯಸ್ಕಾಂತ ಮೊದಲಾದುವನ್ನು ಮಾತ್ರ ಉಳ್ಳ ಪೆಟ್ಟಿಗೆಯಾಗಿ, ಬೇರೆಡೆಯಲ್ಲಿರುವ ಆಂಪ್ಲಿಫೈಯರಿನಿಂದ ಎರಡೆಳೆ ತಂತಿಯಲ್ಲಿ ಬರುವ ಶಕ್ತಿಯಿಂದಲೇ ನುಡಿಯುವುದು ಇನ್ನೊಂದು ಜಾತಿ. ಇದು ಪ್ಯಾಸಿವ್ ಸ್ಪೀಕರು. ಇದಕ್ಕೆ ಪ್ಲಗ್ಗು ಬೇಡ, ಅಂತರ್ಜಾಲ ಬೇಡ, ಮೊಬೈಲಿನ ಪರಿಚಯವೂ ಬೇಡ.

ಇನ್ನು ಸ್ಟ್ರೀಮಿಂಗ್ ಆಂಪ್ಲಿಫೈಯರು ಎಂಬುದು ಮೂರು ಯಂತ್ರಗಳನ್ನು ಒಂದಾಗಿ ಸೇರಿಸಿದ ಪುಟ್ಟ ಪೆಟ್ಟಿಗೆ. ಮನೆಯ ವೈಫೈ ಅಥವಾ ತಂತಿಯ ಜಾಲದಿಂದ ಅಂಕಿಗಳ ರೂಪದಲ್ಲಿ ಬರುವ ಸಂಗೀತವನ್ನು ಒಂದು ಭಾಗವು ಬರಮಾಡಿಕೊಳ್ಳುವುದು. ಎರಡನೆಯದು ಆ ಅಂಕಿಗಳನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾರ್ಪಡಿಸುವುದು. ಮೂರನೆಯದು ಆ ಅಲೆಗಳಿಗೆ ಬಲ ಕೊಟ್ಟು ಸ್ಪೀಕರಿಗೆ ಕಳುಹಿಸುವುದು. ಒಂದು ವಲಯಕ್ಕೆ ಇಂತಹ ಒಂದು ಪೆಟ್ಟಿಗೆಯೂ ಒಂದು ಜೊತೆ ಪ್ಯಾಸಿವ್ ಸ್ಪೀಕರೂ ಇದ್ದರೆ ಆ ವಲಯವು ಸ್ವತಂತ್ರವಾದಂತೆಯೇ ಸರಿ.

ಬಾಳಿಕೆಯ ವಿಚಾರ

ಎಲ್ಲವೂ ಒಂದರಲ್ಲಿಯೇ ಅಡಕವಾಗಿರುವ ಆಕ್ಟಿವ್ ಸ್ಪೀಕರುಗಳನ್ನೇ ಕೊಂಡರಾಗದೇ ಎಂದು ಕೇಳುವವರುಂಟು. ಬಾಡಿಗೆಯ ಮನೆಯಲ್ಲಿರುವವರಿಗೆ ಅದೇ ಅನುಕೂಲ. ಆದರೆ ಸ್ವಂತ ಮನೆಯವರು ಒಂದು ಸಂಗತಿಯನ್ನು ಆಲೋಚಿಸಬೇಕು: ಈ ಏರ್ಪಾಡಿನ ಬೇರೆಬೇರೆ ಅಂಗಗಳ ಆಯುಸ್ಸು ಬೇರೆಬೇರೆಯಾಗಿರುವುದು.

೧೯೨೫ರಲ್ಲಿ ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಸುರುಳಿ ಚಲಿಸಿ ಶಂಕುವನ್ನು ನೂಕುವ ಸ್ಪೀಕರಿನ ರೀತಿಯನ್ನು ಪ್ರಕಟಿಸಿದರು. ನೂರು ವರ್ಷಗಳು ಕಳೆದರೂ ಇಂದಿನ ಸ್ಪೀಕರುಗಳಲ್ಲಿ ಹೆಚ್ಚಿನವು ಅದೇ ತತ್ತ್ವದ ಮೇಲೆ ನಡೆಯುತ್ತಿವೆ. ೪೦ ವರ್ಷಗಳ ಹಿಂದಿನ ಒಳ್ಳೆಯ ಸ್ಪೀಕರಿಗೆ ಇಂದಿನ ಆಂಪ್ಲಿಫೈಯರನ್ನು ಜೋಡಿಸಿದರೆ ಅದು ಯಾವ ತಕರಾರೂ ಇಲ್ಲದೆ ಹಾಡುವುದು. ಗೋಡೆಯೊಳಗಿನ ತಾಮ್ರದ ತಂತಿಯಾದರೋ ಮನೆಯಿರುವಷ್ಟು ಕಾಲವೂ ಇರಬಲ್ಲುದು.

ಆದರೆ ಅಂತರ್ಜಾಲದೊಡನೆ ಮಾತನಾಡುವ ಭಾಗದ ಕಥೆ ಹೀಗಲ್ಲ. ಒಂದು ಕಾಲಕ್ಕೆ ಬಹಳ ಹೆಸರಾಗಿದ್ದ ‘ಸ್ಕ್ವೀಜ್‌ಬಾಕ್ಸ್’ ಯಂತ್ರಗಳನ್ನು ತಯಾರಿಸುತ್ತಿದ್ದ ಸಂಸ್ಥೆಯನ್ನು ಲಾಜಿಟೆಕ್ ಕಂಪನಿಯು ೨೦೦೬ರಲ್ಲಿ ಕೊಂಡುಕೊಂಡಿತು. ೨೦೧೨ರಲ್ಲಿ ಆ ಸರಕನ್ನೇ ನಿಲ್ಲಿಸಿತು. ೨೦೨೪ರಲ್ಲಿ ಅವುಗಳಿಗೆ ಆಧಾರವಾಗಿದ್ದ ಅಂತರ್ಜಾಲ ಸೇವೆಯನ್ನೂ ಮುಚ್ಚಿತು. ಆಸಕ್ತರು ಕೂಡಿ ಬೆಳೆಸಿದ ‘ಲಿರಿಯನ್’ ಎಂಬ ಉಚಿತ ತಂತ್ರಾಂಶವಿಲ್ಲದಿದ್ದರೆ ಆ ಯಂತ್ರಗಳಲ್ಲಿ ಹಲವು ಮೂಕವಾಗುತ್ತಿದ್ದುವು. ಸೋನೋಸ್ ಕಂಪನಿಯೂ ೨೦೨೦ರಲ್ಲಿ ತನ್ನ ಹಳೆಯ ಯಂತ್ರಗಳಲ್ಲಿ ಕೆಲವಕ್ಕೆ ಹೊಸ ಸೌಲಭ್ಯಗಳನ್ನು ಕೊಡುವುದನ್ನು ನಿಲ್ಲಿಸಿತು. ಯಂತ್ರ ಕೆಡದಿದ್ದರೂ ಅದರೊಳಗಿನ ತಂತ್ರಾಂಶ ಹಳತಾದರೆ ಯಂತ್ರವೂ ಹಳತಾದಂತೆಯೇ.

ಆದುದರಿಂದ ಈ ಕೆಲಸದಲ್ಲಿ ಮುಖ್ಯವಾಗಿ ಪಾಲಿಸತಕ್ಕ ನಿಯಮವು ಇದೊಂದೇ: ಬಹುಕಾಲ ಬಾಳುವುದನ್ನು ಗೋಡೆಯಲ್ಲಿಯೂ ಚಾವಣಿಯಲ್ಲಿಯೂ ಇಡಬೇಕು, ಬೇಗನೆ ಹಳತಾಗುವುದನ್ನು ಕೈಗೆ ಸಿಕ್ಕುವ ಕಪಾಟಿನಲ್ಲಿಡಬೇಕು. ಸ್ಪೀಕರೂ ತಂತಿಯೂ ಪ್ಯಾಸಿವ್ ಆಗಿದ್ದು, ಬುದ್ಧಿಯೆಲ್ಲವೂ ಕಪಾಟಿನ ಪೆಟ್ಟಿಗೆಯಲ್ಲಿದ್ದರೆ, ಹತ್ತು ವರ್ಷಗಳ ಮೇಲೆ ಆ ಪೆಟ್ಟಿಗೆಯೊಂದನ್ನು ಬದಲಾಯಿಸಿದರೆ ಸಾಕಾಗುವುದು. ಬುದ್ಧಿಯನ್ನು ಚಾವಣಿಯೊಳಗೆ ಹುಗಿದವರು ಚಾವಣಿಯನ್ನೇ ಬಿಚ್ಚಬೇಕಾಗುವುದು.

ವಲಯಗಳನ್ನು ಗೊತ್ತುಮಾಡುವುದು

ಉದಾಹರಣೆಗಾಗಿ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿರುವ ೩೦×೪೦ ಅಡಿಯ ನಿವೇಶನದಲ್ಲಿ ಕಟ್ಟಿದ, ಒಂದು ಮಹಡಿಯುಳ್ಳ ಮನೆಯನ್ನು ತೆಗೆದುಕೊಳ್ಳೋಣ. ನಡುಮನೆ ಒಂದು ವಲಯ. ಅಡುಗೆಮನೆಯೂ ಊಟದ ಜಾಗವೂ ಸೇರಿ ಒಂದು. ಹಿರಿಯರ ಕೋಣೆ ಒಂದು. ಮಹಡಿಯ ಕೋಣೆ ಒಂದು. ಎಲ್ಲ ಕೋಣೆಗಳಿಗೂ ಸ್ಪೀಕರು ಬೇಕೆಂಬ ನಿಯಮವಿಲ್ಲ. ಓದುವ ಕೋಣೆಗೆ ಈಗ ತಂತಿಯನ್ನು ಮಾತ್ರ ಎಳೆಸಿ, ತುದಿಯನ್ನು ಗೋಡೆಯ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಾಕು.

ನಡುಮನೆಯಲ್ಲಿ ಕುಳಿತು ಮನಸ್ಸಿಟ್ಟು ಕೇಳುವವರಿರುವುದರಿಂದ, ಎಡಬಲಗಳಲ್ಲಿ ಒಂದೊಂದು ಸ್ಪೀಕರನ್ನು ಕಿವಿಯ ಎತ್ತರಕ್ಕೆ ಇರಿಸುವುದು ಉತ್ತಮ. ಎರಡು ಸ್ಪೀಕರುಗಳಿಗೂ ಕೇಳುವವರಿಗೂ ನಡುವಿನ ದೂರಗಳು ಸರಿಸುಮಾರು ಸಮವಾಗಿದ್ದರೆ, ಗಾಯಕರು ನಡುವಿನಲ್ಲಿಯೂ ಪಕ್ಕವಾದ್ಯದವರು ಅಕ್ಕಪಕ್ಕಗಳಲ್ಲಿಯೂ ಕುಳಿತಂತೆ ಭಾಸವಾಗುವುದು. ಅಡುಗೆಮನೆಯಲ್ಲಿಯಾದರೋ ಓಡಾಡುತ್ತ ಕೇಳುವುದೇ ಹೆಚ್ಚು; ಅಲ್ಲಿ ಎಡಬಲಗಳನ್ನು ಒಂದುಗೂಡಿಸಿ ನುಡಿಸುವ ಏರ್ಪಾಡೇ ಸರಿ. ಎಡಭಾಗದ ಸ್ಪೀಕರನ್ನು ಅಡುಗೆಮನೆಯಲ್ಲಿಯೂ ಬಲಭಾಗದ್ದನ್ನು ಊಟದ ಜಾಗದಲ್ಲಿಯೂ ಇಟ್ಟರೆ, ಒಂದು ಕಡೆ ಪಿಟೀಲೂ ಇನ್ನೊಂದು ಕಡೆ ಮೃದಂಗವೂ ಮಾತ್ರ ಎದ್ದು ಕೇಳಿ ಕಚೇರಿಯೇ ಹರಿದು ಹಂಚಿಹೋಗಬಹುದು. ಒಲೆಯ ನೇರ ಮೇಲೆ ಸ್ಪೀಕರನ್ನು ಕೂರಿಸಕೂಡದು. ಎಣ್ಣೆಯ ಹೊಗೆ ಪೊರೆಗೆ ಅಂಟಿಕೊಳ್ಳುವುದು. ಶಂಕುವಿನ ಅಂಚಿನಲ್ಲಿ ಸ್ಪಂಜಿನಂತಹ ಪಟ್ಟಿಯಿರುವ ಸ್ಪೀಕರುಗಳಿಗಿಂತ ರಬ್ಬರಿನ ಪಟ್ಟಿಯಿರುವುವು ನಮ್ಮ ಹವೆಗೆ ಮೇಲು. ಕರಾವಳಿ, ಮಲೆನಾಡುಗಳ ತೇವದಲ್ಲಿ ಸ್ಪಂಜು ಬೇಗನೆ ಪುಡಿಯಾಗುವುದು.

ತಂತಿಯ ಲೆಕ್ಕ

ಸ್ಪೀಕರಿನ ಬೆನ್ನ ಮೇಲೆ ೪ ಓಮ್, ೮ ಓಮ್ ಎಂದು ಬರೆದಿರುವರು. ಇದು ವಿದ್ಯುತ್ತಿಗೆ ಆ ಸ್ಪೀಕರು ಒಡ್ಡುವ ತಡೆಯ ಅಳತೆ. ತಂತಿಗೂ ತನ್ನದೇ ಆದ ತಡೆಯುಂಟು. ಅದು ಸ್ಪೀಕರಿನ ತಡೆಯಲ್ಲಿ ನೂರಕ್ಕೆ ೫ನ್ನು ಮೀರದಂತೆ ನೋಡಿಕೊಂಡರೆ ಧ್ವನಿಗೆ ಕುಂದುಬಾರದು. ೧.೫ ಚದರ ಮಿಲಿಮೀಟರಿನ ತಾಮ್ರದ ಎಳೆಗೆ ೧೦೦೦ ಮೀಟರಿಗೆ ಸುಮಾರು ೧೨ ಓಮ್ ತಡೆಯಿದೆ. ಸ್ಪೀಕರು ೧೫ ಮೀಟರು ದೂರದಲ್ಲಿದ್ದರೆ, ಹೋಗುವ ಎಳೆ ಬರುವ ಎಳೆಗಳೆರಡೂ ಸೇರಿ ೩೦ ಮೀಟರಾಗಿ, ತಡೆಯು ೦.೩೬ ಓಮ್ ಆಗುವುದು. ೮ ಓಮಿನ ಸ್ಪೀಕರಿಗೆ ಇದು ಮಿತಿಯೊಳಗೇ ಇದೆ. ಅದಕ್ಕಿಂತ ದೂರವಾದರೆ ೨.೫ ಚದರ ಮಿಲಿಮೀಟರಿನ ತಂತಿಯನ್ನು ಬಳಸಿ ೨೫ ಮೀಟರಿನವರೆಗೆ ಧೈರ್ಯವಾಗಿ ಹೋಗಬಹುದು. ೪ ಓಮಿನ ಸ್ಪೀಕರಿಗೆ ಈ ದೂರಗಳನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕು. ನಮ್ಮ ಉದಾಹರಣೆಯ ಮನೆಯಲ್ಲಿ ಯಾವ ಕೋಣೆಯೂ ಇದನ್ನು ಮೀರುವ ಸಂಭವ ಕಡಮೆ. ಆದಕಾರಣ ಬೆಳ್ಳಿಯ ತಂತಿ, ವಿಶೇಷ ತಂತಿ ಎಂದು ಅಂಗಡಿಯವರು ಹೇಳುವ ದುಬಾರಿ ಸರಕಿಗೆ ದುಡ್ಡು ಸುರಿಯಬೇಕಾದುದಿಲ್ಲ. ತಾಮ್ರದ ಲೇಪವನ್ನು ಮಾತ್ರ ಹೊಂದಿದ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದೇ ಮಾರುವುದುಂಟು. ಅದರ ತಡೆ ಸುಮಾರು ಒಂದೂವರೆ ಪಟ್ಟು. ಕೊಳ್ಳುವಾಗ ಎಳೆಯನ್ನು ಕೆರೆದು ಒಳಗೆ ಬೆಳ್ಳಗಿದೆಯೇ ಕೆಂಪಗಿದೆಯೇ ಎಂದು ನೋಡಿಕೊಳ್ಳಬೇಕು.

ಸ್ಪೀಕರಿನ ತಂತಿಗೆ ಪ್ರತ್ಯೇಕವಾದ ಪೈಪನ್ನೇ ಹಾಕಿಸಬೇಕು. ೨೩೦ ವೋಲ್ಟಿನ ಮನೆಯ ಕರೆಂಟು ಹರಿಯುವ ಪೈಪಿನಲ್ಲಿ ಇದನ್ನು ಎಳೆಸುವುದು ಅಪಾಯ. ಗುಂಯ್ ಎನ್ನುವ ಸದ್ದಿಗೂ ಅದು ದಾರಿ. ಎರಡಕ್ಕೂ ಒಂದಡಿಯಷ್ಟು ಅಂತರವಿರಲಿ. ದಾಟಲೇಬೇಕಾದಲ್ಲಿ ನೆಟ್ಟಗೆ ಅಡ್ಡಲಾಗಿ ದಾಟಲಿ. ಪೈಪಿಗಾಗಿ ಕಾಂಕ್ರೀಟಿನ ತೊಲೆ ಕಂಬಗಳನ್ನು ಕೊರೆಯಿಸಕೂಡದು. ಕಪಾಟಿನಿಂದ ರೌಟರಿನ ತನಕ ಒಂದು ಜಾಲದ ಕೇಬಲ್ಲನ್ನೂ ಈಗಲೇ ಎಳೆಸಿಬಿಡಬೇಕು. ಕಾಂಕ್ರೀಟಿನ ತಾರಸಿಯೂ ಇಟ್ಟಿಗೆಯ ಗೋಡೆಗಳೂ ವೈಫೈ ಅಲೆಗಳನ್ನು ಬಹಳವಾಗಿ ಕುಗ್ಗಿಸುವುದರಿಂದ, ಆಂಪ್ಲಿಫೈಯರುಗಳು ತಂತಿಯ ಮೂಲಕವೇ ಜಾಲವನ್ನು ಸೇರಿದರೆ ನಡುನಡುವೆ ಹಾಡು ಕಡಿಯುವ ಬಾಧೆ ತಪ್ಪುವುದು. ಗಿಲಾವಿಗೆ ಮೊದಲು ಪ್ರತಿ ಗೋಡೆಗೂ ಅಳತೆಯ ಟೇಪನ್ನು ಹಿಡಿದು ಒಂದೊಂದು ಚಿತ್ರ ತೆಗೆದಿಟ್ಟುಕೊಂಡರೆ, ಮುಂದೆ ಮೊಳೆ ಹೊಡೆಯುವಾಗ ತಂತಿಗೆ ಪೆಟ್ಟಾಗುವುದಿಲ್ಲ.

ಒಂದಕ್ಕೆ ಎಷ್ಟು ಸ್ಪೀಕರು?

ಆಂಪ್ಲಿಫೈಯರಿನ ಒಂದೇ ಬಾಯಿಗೆ ಹಲವು ಸ್ಪೀಕರುಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿದಷ್ಟೂ ಒಟ್ಟು ತಡೆ ಇಳಿಯುವುದು. ೮ ಓಮಿನ ಎರಡು ಸ್ಪೀಕರುಗಳಾದರೆ ೪ ಓಮ್. ನಾಲ್ಕಾದರೆ ೨ ಓಮ್. ಮನೆಯ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ೪ ಓಮಿಗಿಂತ ಕೆಳಗೆ ಇಳಿಯಲು ತಕ್ಕುವಲ್ಲ; ಇಳಿಸಿದರೆ ಕಾದು, ತಮ್ಮಷ್ಟಕ್ಕೆ ತಾವೇ ನಿಂತುಬಿಡುವುವು. ಒಂದು ವಲಯದಲ್ಲಿ ೮ ಓಮಿನ ಎರಡು ಜೊತೆಗಳವರೆಗೆ ಭಯವಿಲ್ಲವೆಂದು ತಿಳಿಯಬಹುದು. ನಾಲ್ಕನ್ನು ಒಂದೇ ಬಾಯಿಗೆ ಕಟ್ಟಲೇಬೇಕಾದರೆ, ಎರಡೆರಡನ್ನು ಒಂದರ ಹಿಂದೊಂದು ಜೋಡಿಸಿ, ಆ ಎರಡು ಜೋಡಿಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿದರೆ ಒಟ್ಟು ತಡೆ ಮರಳಿ ೮ ಓಮ್ ಆಗುವುದು.

ಇಲ್ಲಿ ಇನ್ನೊಂದು ಎಚ್ಚರಿಕೆ. ಎಡಬಲಗಳೆರಡಕ್ಕೂ ಒಂದೇ ಹಿಂತಿರುಗುವ ಎಳೆಯನ್ನು ಬಳಸಿ ತಂತಿ ಉಳಿಸುವ ಹಳೆಯ ಅಭ್ಯಾಸವು ಕೆಲವರಲ್ಲಿದೆ. ಇಂದಿನ ಪುಟ್ಟ ಆಂಪ್ಲಿಫೈಯರುಗಳಲ್ಲಿ ಹಲವುದರ ಋಣ ತುದಿಗಳೂ ಶಕ್ತಿಯನ್ನು ಹೊರಸೂಸುವುವಾದ್ದರಿಂದ, ಅವುಗಳನ್ನು ಒಂದಕ್ಕೊಂದು ಸೇರಿಸಿದರೆ ಯಂತ್ರವೇ ಸುಟ್ಟುಹೋಗಬಹುದು. ಪ್ರತಿ ಸ್ಪೀಕರಿಗೂ ಅದರದೇ ಎರಡೆಳೆಯಿರಬೇಕು.

ವಾಟುಗಳ ಮೋಹ

ಜಾಹೀರಾತುಗಳಲ್ಲಿ ನೂರಾರು ವಾಟುಗಳ ಘೋಷಣೆಯನ್ನು ಕಂಡು ಬೆರಗಾಗಬೇಕಾದುದಿಲ್ಲ. ಮನೆಯಲ್ಲಿ ಬಳಸುವ ಸಾಧಾರಣ ಸ್ಪೀಕರು ೧ ವಾಟು ಶಕ್ತಿಯಿಂದ ಒಂದು ಮೀಟರು ದೂರದಲ್ಲಿ ಸುಮಾರು ೮೭ ಡೆಸಿಬೆಲ್ಲಿನಷ್ಟು ನುಡಿಯುವುದು. ಎರಡು ಮೀಟರು ದೂರದಲ್ಲಿ ಇದು ೮೧ಕ್ಕೆ ಇಳಿಯುವುದು. ಶಕ್ತಿಯನ್ನು ಹತ್ತನೆಯ ಒಂದು ವಾಟಿಗೆ ಇಳಿಸಿದರೆ ೭೧. ಇಬ್ಬರು ಎದುರುಬದುರು ಕುಳಿತು ಆಡುವ ಮಾತು ೬೦ ಡೆಸಿಬೆಲ್ಲಿನ ಆಸುಪಾಸಿನಲ್ಲಿರುವುದನ್ನು ನೆನೆದರೆ, ಅಡುಗೆಮನೆಯ ಹಾಡಿಗೆ ಒಂದು ವಾಟೂ ಬೇಡವೆಂಬುದು ಸ್ಪಷ್ಟವಾಗುವುದು. ಮೃದಂಗದ ಹೊಡೆತದಂತಹ ಕ್ಷಣಿಕ ಏರಿಕೆಗಳಿಗಾಗಿ ಮಾತ್ರ ಹತ್ತಿಪ್ಪತ್ತು ಪಾಲು ಹೆಚ್ಚು ಶಕ್ತಿ ಕೈಯಲ್ಲಿರಬೇಕು. ವೀಮ್ ಕಂಪನಿಯ ಆಂಪ್ ಎಂಬ ಯಂತ್ರವು ೮ ಓಮಿಗೆ ಬದಿಯೊಂದಕ್ಕೆ ೬೦ ವಾಟನ್ನೂ, ಸೋನೋಸಿನ ಆಂಪ್ ೧೨೫ ವಾಟನ್ನೂ ಕೊಡುವುವು. ಮಧ್ಯಮ ಗಾತ್ರದ ನಡುಮನೆಗೆ ಮೊದಲನೆಯದರ ಶಕ್ತಿಯೇ ಸಾಕಷ್ಟಾಗುವುದು. ಶಬ್ದ ಎರಡರಷ್ಟು ಜೋರಾಗಿ ಕೇಳಬೇಕಾದರೆ ಶಕ್ತಿಯು ಹತ್ತರಷ್ಟಾಗಬೇಕು. ೬೦ರಿಂದ ೧೨೫ಕ್ಕೆ ಏರಿದರೆ ಹೆಚ್ಚುವುದು ಕೇವಲ ೩ ಡೆಸಿಬೆಲ್ಲು.

ಹಿರಿಯರ ವಿಷಯದಲ್ಲಿ ಈ ಲೆಕ್ಕವು ಬಹಳ ಉಪಯುಕ್ತ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಉಚ್ಚಸ್ವರಗಳನ್ನು. ಸಕಾರ ಶಕಾರಗಳು ಮಸುಕಾಗಿ ವಾರ್ತೆಯ ಮಾತು ಕಲಸಿದಂತೆ ಕೇಳುವುದು. ಆಗ ದೂರದ ಯಂತ್ರವನ್ನು ಜೋರುಮಾಡುವುದಕ್ಕಿಂತ, ಅವರು ಕೂರುವ ಕುರ್ಚಿಯ ಬಳಿ ಒಂದು ಮೀಟರಿನೊಳಗೆ ಚಿಕ್ಕ ಸ್ಪೀಕರನ್ನಿರಿಸಿ ಮೆಲ್ಲಗೆ ನುಡಿಸಿದರೆ ಮಾತು ತಿಳಿಯಾಗಿ ಕೇಳುವುದು. ಮನೆಯ ಉಳಿದವರಿಗೂ ಕಿರಿಕಿರಿಯಿಲ್ಲ.

ಎಲ್ಲ ಕೋಣೆಗಳೂ ಒಂದೇ ತಾಳದಲ್ಲಿ

ಹಬ್ಬದ ದಿನ ಎಲ್ಲ ವಲಯಗಳಲ್ಲಿಯೂ ಒಂದೇ ಹಾಡು ಕೇಳಬೇಕೆಂದರೆ, ಯಂತ್ರಗಳ ಗಡಿಯಾರಗಳು ಹೊಂದಿರಬೇಕು. ಪ್ರತಿ ಯಂತ್ರದಲ್ಲಿಯೂ ಕಾಲವನ್ನು ಅಳೆಯುವ ಒಂದು ಸ್ಫಟಿಕವಿದೆ. ಎರಡು ಸ್ಫಟಿಕಗಳ ನಡುವೆ ಹತ್ತು ಲಕ್ಷಕ್ಕೆ ೫೦ ಪಾಲಿನ ವ್ಯತ್ಯಾಸವಿದ್ದರೂ, ಒಂದು ನಿಮಿಷದಲ್ಲಿ ೩ ಮಿಲಿಸೆಕೆಂಡು, ಒಂದು ಗಂಟೆಯಲ್ಲಿ ೧೮೦ ಮಿಲಿಸೆಕೆಂಡು ಹಿಂದುಮುಂದಾಗುವುದು. ಆಗ ಬಾಗಿಲಿನಲ್ಲಿ ನಿಂತವರಿಗೆ ಒಂದೇ ಸಾಹಿತ್ಯ ಎರಡು ಸಲ ಕೇಳಿ, ಬಾವಿಯೊಳಗಿನ ಪ್ರತಿಧ್ವನಿಯಂತಾಗುವುದು. ಇದನ್ನು ತಪ್ಪಿಸಲು ಯಂತ್ರಗಳು ಸಂಗೀತವನ್ನು ಸ್ವಲ್ಪ ಮುಂಚಿತವಾಗಿಯೇ ಕೂಡಿಟ್ಟುಕೊಂಡು, ಜಾಲದ ಮೂಲಕ ಪರಸ್ಪರ ಕಾಲವನ್ನು ವಿಚಾರಿಸುತ್ತ, ಗೊತ್ತಾದ ಗಳಿಗೆಗೆ ಒಟ್ಟಿಗೆ ನುಡಿಯುವುವು.

ಹಾಗೆ ಮಾತನಾಡಿಕೊಳ್ಳಬೇಕಾದರೆ ಎಲ್ಲ ಯಂತ್ರಗಳಿಗೂ ಒಂದೇ ಭಾಷೆ ತಿಳಿದಿರಬೇಕು. ಒಂದು ಕಂಪನಿಯ ಸ್ವಂತ ಭಾಷೆ ಇನ್ನೊಂದಕ್ಕೆ ತಿಳಿಯದು. ಆಪಲ್ ಕಂಪನಿಯು ೨೦೧೮ರಲ್ಲಿ ಹೊರತಂದ ಏರ್‌ಪ್ಲೇ ೨, ಗೂಗಲ್ ಕಾಸ್ಟ್ ಮುಂತಾದುವು ಹಲವು ಕಂಪನಿಗಳ ಯಂತ್ರಗಳಲ್ಲಿ ದೊರೆಯುವುದರಿಂದ, ಅಂತಹ ಒಂದು ಭಾಷೆ ಎಲ್ಲದರಲ್ಲಿಯೂ ಇರುವಂತೆ ನೋಡಿ ಕೊಳ್ಳುವುದು ಜಾಣತನ.

ಅಂಗಡಿಯಲ್ಲಿ ಇನ್ನು ಮೂರು ಪ್ರಶ್ನೆಗಳನ್ನು ಕೇಳಬೇಕು. ಹೊರಗಿನ ಅಂತರ್ಜಾಲ ನಿಂತಾಗಲೂ ಮನೆಯಲ್ಲಿ ಕೂಡಿಟ್ಟ ಹಾಡನ್ನು ಇದು ನುಡಿಸುವುದೇ? ಬೇರೆ ಯಂತ್ರವನ್ನು ತಂತಿಯಿಂದ ಜೋಡಿಸಲು ಹಿಂಬದಿಯಲ್ಲಿ ಬಾಯಿ ಇದೆಯೇ? ಮೊಬೈಲನ್ನು ಮುಟ್ಟದೆ, ಗುಂಡಿಯಿಂದಲೋ ರಿಮೋಟಿನಿಂದಲೋ ಧ್ವನಿಯನ್ನು ಏರಿಸಿ ಇಳಿಸಬಹುದೇ? ಎರಡನೆಯದಿದ್ದರೆ, ತಂತ್ರಾಂಶ ಹಳತಾದ ಮೇಲೂ ಯಂತ್ರವು ಬರಿಯ ಆಂಪ್ಲಿಫೈಯರಾಗಿ ಬಾಳುವುದು; ಮೂರನೆಯದಿದ್ದರೆ ಅಜ್ಜಿಯೂ ಯಾರ ಹಂಗಿಲ್ಲದೆ ಹಾಡು ಕೇಳಬಹುದು.

ಜೋಡಿಸಿದ ಮೇಲೆ

ಪೆಟ್ಟಿಗೆಗಳನ್ನು ಕಪಾಟಿನಲ್ಲಿ ಒಂದರ ಮೇಲೊಂದು ಹೇರದೆ, ಗಾಳಿಯಾಡುವಂತೆ ಅಂತರವಿಟ್ಟು ಇರಿಸಬೇಕು. ಗುಡುಗು ಸಿಡಿಲಿನ ಕಾಲದಲ್ಲಿ ಪ್ಲಗ್ಗನ್ನೂ ಜಾಲದ ತಂತಿಯನ್ನೂ ತೆಗೆದಿಡುವುದು ಕ್ಷೇಮ. ಸ್ಪೀಕರಿನ ಧನ ತುದಿಗೆ ಆಂಪ್ಲಿಫೈಯರಿನ ಧನ ತುದಿಯೇ ಸೇರಿರಬೇಕು. ಜೊತೆಯಲ್ಲಿ ಒಂದು ತಿರುಗುಮುರುಗಾಗಿದ್ದರೆ ಒಂದು ಶಂಕು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಸೆಳೆದು, ಮಂದ್ರಸ್ವರಗಳು ಸೊರಗುವುವು. ಇದನ್ನು ಕಂಡುಹಿಡಿಯಲು ಸುಲಭವಾದ ಉಪಾಯವುಂಟು. ಆಂಪ್ಲಿಫೈಯರಿನಿಂದ ತಂತಿಯನ್ನು ಬಿಡಿಸಿ, ಆ ತುದಿಗಳಿಗೆ ೧.೫ ವೋಲ್ಟಿನ ಬ್ಯಾಟರಿಯನ್ನು ಒಂದು ಕ್ಷಣ ಮಾತ್ರ ಮುಟ್ಟಿಸಬೇಕು. ಬ್ಯಾಟರಿಯ ಧನ ತುದಿಯು ಸ್ಪೀಕರಿನ ಧನ ತುದಿಗೆ ತಗುಲಿದ್ದರೆ ಶಂಕು ಹೊರಕ್ಕೆ ನೆಗೆಯುವುದು. ತಿರುಗುಮುರುಗಾಗಿದ್ದರೆ ಒಳಕ್ಕೆ ಸರಿಯುವುದು.

ಕೊನೆಯದಾಗಿ ಮಿತಿಯ ಮಾತು. ಹೆಚ್ಚಿನ ಯಂತ್ರಗಳಲ್ಲಿ ಧ್ವನಿಯು ಇಷ್ಟಕ್ಕಿಂತ ಏರಕೂಡದೆಂದು ಕಟ್ಟುಮಾಡುವ ಅನುಕೂಲವಿದೆ. ಮೊದಲ ದಿನವೇ ಅದನ್ನು ಬಳಸಿಕೊಳ್ಳತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್ಲನ್ನೂ, ಮಕ್ಕಳಿಗೆ ೭೫ನ್ನೂ ಮಿತಿಯೆಂದು ಹೇಳಿದೆ. ಜಗುಲಿಯಲ್ಲಿಯೋ ತಾರಸಿಯಲ್ಲಿಯೋ ಸ್ಪೀಕರಿಡುವವರು, ೨೦೦೦ದ ಶಬ್ದಮಾಲಿನ್ಯದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ಲುಗಳನ್ನು ಗೊತ್ತುಮಾಡಿರುವುದನ್ನು ಮರೆಯಬಾರದು. ನೆರೆಮನೆಯಲ್ಲಿಯೂ ಓದುವ ಮಕ್ಕಳೂ ಮಲಗಿರುವ ರೋಗಿಗಳೂ ಇರುವರು.

ಎಲ್ಲವನ್ನೂ ಒಂದೇ ಸಲಕ್ಕೆ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಾರದು; ಕೊಳ್ಳಬೇಕಾದುದೂ ಇಲ್ಲ. ಮನೆ ಕಟ್ಟುವಾಗ ಪೈಪನ್ನೂ ತಂತಿಯನ್ನೂ ಮಾತ್ರ ಪೂರ್ತಿಯಾಗಿ ಹಾಕಿಸಿ, ಮೊದಲ ವರ್ಷ ಒಂದು ವಲಯದಿಂದ ಆರಂಭಿಸಿ, ಅನುಕೂಲವಾದಂತೆ ಒಂದೊಂದಾಗಿ ಸೇರಿಸುತ್ತ ಹೋಗಬಹುದು. ಕಟ್ಟಿ ಮುಗಿದ ಮನೆಯವರು ಗೋಡೆಯ ಬುಡದಲ್ಲಿ ಪ್ಲಾಸ್ಟಿಕ್ಕಿನ ಪಟ್ಟಿಯೊಳಗೆ ತಂತಿಯನ್ನು ಎಳೆದುಕೊಂಡರೂ ಸಾಕು. ಅಟ್ಟದ ಮೇಲೆ ಹಳೆಯ ಒಳ್ಳೆಯ ಸ್ಪೀಕರುಗಳಿದ್ದರೆ ಅವನ್ನು ಗುಜರಿಗೆ ಹಾಕುವ ಮೊದಲು ಧೂಳು ಕೊಡವಿ, ಪೊರೆ ಹರಿಯದಿದ್ದರೆ, ಹೊಸ ಆಂಪ್ಲಿಫೈಯರಿಗೆ ಜೋಡಿಸಿ ಕೇಳಿ ನೋಡಬೇಕು. ಎಷ್ಟೋ ಮನೆಗಳಲ್ಲಿ ಮೊದಲನೆಯ ವಲಯದ ಅರ್ಧ ವೆಚ್ಚ ಅಲ್ಲಿಯೇ ಉಳಿದೀತು.